ಸುದ್ದಿಯಾಗದವರ ಸುದ್ದಿಚಿತ್ರಗಾರ

ಮಂತ್ರಿಗಳ ಭಾಷಣ ಪತ್ರಿಕೆಗೆ ಸುದ್ದಿ. ಬೀದಿಯಲ್ಲಿ ಬುಗುರಿ ಆಡುವ ಹುಡುಗ ಸುದ್ದಿಯಲ್ಲ. ಮೈಸೂರಿನ ಛಾಯಾಚಿತ್ರ ಪತ್ರಕರ್ತ ಟಿ.ಎಸ್. ಸತ್ಯನ್ (1923–2009) ಈ ಲೆಕ್ಕಾಚಾರವನ್ನು ಒಪ್ಪಲಿಲ್ಲ. 1948ರಲ್ಲಿ ‘ಡೆಕ್ಕನ್ ಹೆರಾಲ್ಡ್’ ಸೇರಿದ ಅವರು ಮುಂದೆ ಗಣ್ಯರ ಚಿತ್ರಗಳನ್ನೂ ತೆಗೆದರು. ಆದರೆ ಅವರ ಮನಸ್ಸು ನೆಟ್ಟಿದ್ದು ಸಾಮಾನ್ಯರ ದಿನನಿತ್ಯದ ಬದುಕಿನಲ್ಲಿ.

ಇದು ಸುಲಭದ ಕೆಲಸವಲ್ಲ. ಕ್ಯಾಮೆರಾ ಕಂಡೊಡನೆ ಜನ ಸೆಟೆದು ನಿಲ್ಲುತ್ತಾರೆ. ಆ ಬಿಗುವು ಸಡಿಲಾಗುವವರೆಗೆ ಕಾಯಬೇಕು. ಫಿಲ್ಮಿನ ಕಾಲದಲ್ಲಂತೂ ಒಂದು ಸುರುಳಿಗೆ ಕೆಲವೇ ಚಿತ್ರಗಳು.

1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಸತ್ಯನ್ ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅಂದಿನ ಭಾಷಣಗಳನ್ನು ಜನ ಮರೆತರು. ನಮ್ಮ ಹಿಂದಿನವರು ಹೇಗೆ ಆಡಿದರು, ದುಡಿದರು, ನಕ್ಕರು ಎಂಬುದಕ್ಕೆ ಇಂಥ ಚಿತ್ರಗಳೇ ಸಾಕ್ಷಿಯಾಗಿ ಉಳಿದಿವೆ.