ಅಮ್ಮ ಬಿಡುತ್ತಿದ್ದ ಪಲ್ಯ

ಸ್ಟ್ರೋಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಮ್ಮ ದಿನಾ ಪಲ್ಯ ಬಿಡುತ್ತಿದ್ದರು. ಬೀನ್ಸ್ ಆದ್ರೂ ಅಷ್ಟೇ, ಬದನೆಕಾಯಿ ಆದ್ರೂ ಅಷ್ಟೇ. ನಾಲಿಗೆ ಕೆಟ್ಟಿರಬೇಕು ಅಂತ ಅಕ್ಕ ಖಾರ ಕಡಿಮೆ ಮಾಡಿದಳು. ನಾನು ಓದಿದ್ದು ಎಂಜಿನಿಯರಿಂಗ್ ನೋಡಿ, ಯಾವತ್ತು ಎಷ್ಟು ತಿಂದರು ಅಂತ ಎಕ್ಸೆಲ್ ಶೀಟ್ ಮಾಡಿದೆ.

ಮನೆಗೆ ಬಂದ ಆಕ್ಯುಪೇಷನಲ್ ಥೆರಪಿಸ್ಟ್ (ಒ.ಟಿ.) ಏನೂ ಮಾತಾಡದೆ ಅಮ್ಮನ ಊಟ ನೋಡುತ್ತಾ ಕೂತರು. ಆಮೇಲೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು, ಅಷ್ಟೇ. ಅಮ್ಮ ಪಲ್ಯ ತಿಂದರು. "ಇದನ್ನ ಯಾವಾಗ ಬಡಿಸಿದ್ರಿ?" ಅಂತ ನಮ್ಮನ್ನೇ ಕೇಳಿದರು!

ಪಲ್ಯ ಇರುತ್ತಿದ್ದದ್ದು ತಟ್ಟೆಯ ಎಡಕ್ಕೆ. ಮಿದುಳಿನ ಬಲಭಾಗಕ್ಕೆ ಪೆಟ್ಟಾದಾಗ ಕೆಲವರ ಗಮನದಿಂದ ಎಡಬದಿಯ ಜಗತ್ತೇ ಜಾರಿಹೋಗುತ್ತದೆ. ಇದಕ್ಕೆ ನೆಗ್ಲೆಕ್ಟ್ ಅಂತಾರೆ. ಕಣ್ಣಿಗೇ ಒಂದು ಬದಿ ಕಾಣದಿದ್ದರೂ ತಟ್ಟೆ ಹೀಗೇ ಉಳಿಯಬಹುದು. ಆದರೆ ಅಂಥವರಿಗೆ ಸಾಮಾನ್ಯವಾಗಿ ಕಾಣ್ತಿಲ್ಲ ಅನ್ನೋದು ಗೊತ್ತಿರುತ್ತೆ, ತಲೆ ತಿರುಗಿಸಿ ಹುಡುಕುತ್ತಾರೆ. ಅಮ್ಮ ಹುಡುಕಲೇ ಇಲ್ಲ. ಏನೋ ಬಿಟ್ಟಿದೆ ಅನ್ನುವ ಅನುಮಾನವೇ ಅವರಿಗಿರಲಿಲ್ಲ. ಅವರು ಊಟ ನೋಡುತ್ತಾ ಕೂತಿದ್ದು ಈ ವ್ಯತ್ಯಾಸಕ್ಕಾಗಿ. ಇದು ಬರೀ ಪಲ್ಯದ ವಿಷಯ ಅಲ್ಲ. ಒಲೆಯ ಮುಂದೆ ನಿಂತಾಗ ಎಡಗೈ ಎಲ್ಲಿದೆ ಅಂತ ಮರೆತರೆ? ರಸ್ತೆ ದಾಟುವಾಗ ಎಡದಿಂದ ಬರುವ ಬೈಕು?

ಮೊದಲ ಉಪಾಯ ಕೆಟ್ಟಿತು. ತಟ್ಟೆಯ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, ಅದು ಕಾಣುವ ತನಕ ನೋಡಬೇಕು ಅಂದರು. ಎರಡು ದಿನ ನಡೀತು. ಮೂರನೇ ದಿನ ಚಿಕ್ಕಮ್ಮ ಬಂದಿದ್ದಾಗ ಅಮ್ಮ ತಟ್ಟೆ ತಳ್ಳಿದರು: "ನಾನೇನು ಎಲ್‌ಕೆಜಿ ಮಗೂನಾ?" ನಾನಾಗಿದ್ದರೆ ಪೇಷಂಟ್ ಸಹಕರಿಸುತ್ತಿಲ್ಲ ಅಂತ ಬರೆದುಕೊಳ್ಳುತ್ತಿದ್ದೆ. ಇವರು ಟೇಪ್ ಕಿತ್ತು, ಬೆಳಿಗ್ಗೆ ಎದ್ದು ಮೊದಲು ಏನು ಮಾಡ್ತಿದ್ರಿ ಅಂತ ಕೇಳಿದರು. ಅಮ್ಮ ರಂಗೋಲಿ ಅಂದರು.

ಸ್ಲೇಟು, ಸೀಮೆಸುಣ್ಣ ಬಂತು. ಬಲಗೈ ಚೆನ್ನಾಗಿಯೇ ಇತ್ತು. ಅಮ್ಮ ಬಿಡಿಸಿದ್ದು ಅರ್ಧ ತಾವರೆ. ಅವರ ಪ್ರಕಾರ ಪೂರ್ತಿ. ಸ್ಲೇಟು ತಿರುಗಿಸಿದಾಗ ಖಾಲಿ ಜಾಗ ಬಲಕ್ಕೆ ಬಂತು. ಐವತ್ತು ವರ್ಷ ರಂಗೋಲಿ ಹಾಕಿದ ಕಣ್ಣು ಅದನ್ನ ಸಹಿಸುತ್ತಾ? ತಾವೇ ಬೈದುಕೊಂಡು ಅಳಿಸಿದರು. ಎಡಗೈಗೆ ಕೆಂಪು ಬಳೆ ತೊಡಿಸಿದರು. ಬಳೆ ಕಂಡ ಮೇಲೇ ಮೊದಲ ಚುಕ್ಕಿ ಅನ್ನೋ ನಿಯಮ. ಟೇಪಿನ ಕೆಲಸವನ್ನೇ ಬಳೆ ಮಾಡಿತು, ಮರ್ಯಾದೆ ಕಳೆಯದೆ.

ಇದು ಅವರ ಜಾಣತನ ಮಾತ್ರ ಅಂದುಕೊಂಡಿದ್ದೆ. ಹುಡುಕಿದರೆ, ಇದರ ಮೇಲೆ ದೊಡ್ಡ ಅಧ್ಯಯನವೇ ಇದೆ. ಅಮೆರಿಕದಲ್ಲಿ ಮಾನವಶಾಸ್ತ್ರಜ್ಞೆ ಶೆರಿಲ್ ಮ್ಯಾಟಿಂಗ್ಲಿ ಮತ್ತು ಒ.ಟಿ. ಮೌರೀನ್ ಫ್ಲೆಮಿಂಗ್, ಥೆರಪಿಸ್ಟ್‌ಗಳು ಕೆಲಸದ ನಡುವೆ ಹೇಗೆ ಯೋಚಿಸುತ್ತಾರೆ ಅಂತ ಗಮನಿಸಿ, 1994ರಲ್ಲಿ ಪುಸ್ತಕ ತಂದರು. ಫ್ಲೆಮಿಂಗ್ ಇದನ್ನು ಮೂರು ಹಳಿಗಳ ಮನಸ್ಸು ಅಂತ ಕರೆದರು. ಒಂದರಲ್ಲಿ ಕಾಯಿಲೆ ಮತ್ತು ವಿಧಾನ ಓಡುತ್ತದೆ, ಇನ್ನೊಂದರಲ್ಲಿ ಎದುರಿಗಿರುವ ಮನುಷ್ಯ, ಮತ್ತೊಂದರಲ್ಲಿ ಆ ಮನುಷ್ಯನ ಮುಂದಿನ ಬದುಕು. ಹಳಿಯಿಂದ ಹಳಿಗೆ ಹಾರುವುದೇ ಕಸುಬು. ನಾನು ಕಲಿತ ಫ್ಲೋಚಾರ್ಟ್‌ನಲ್ಲಿ ಚಿಕ್ಕಮ್ಮ ಬರುವುದಕ್ಕೆ ಡಬ್ಬಿಯೇ ಇರಲಿಲ್ಲ.

ಹಾಗಾಗಿಯೇ ಡಿಸ್ಚಾರ್ಜ್ ದಿನ ಕೈಗಿಡುವ ವ್ಯಾಯಾಮದ ಹಾಳೆಯನ್ನೇ ಥೆರಪಿ ಅನ್ನೋದಕ್ಕೆ ನನ್ನ ತಕರಾರು. ನಮಗೆ ಸಿಕ್ಕ ಹಾಳೆಯಲ್ಲಿ ಭುಜಕ್ಕೆ, ಬೆರಳಿಗೆ ಎಲ್ಲಾ ಇತ್ತು. ಎಡಬದಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. 2021ರ ಕೇಂದ್ರ ಕಾಯ್ದೆ ಒ.ಟಿ.ಯನ್ನು ಫಿಸಿಯೋಥೆರಪಿಯಿಂದ ಬೇರೆಯೇ ವೃತ್ತಿಯಾಗಿ ಗುರುತಿಸಿದೆ. ಜನ ಮಾತ್ರ ಈಗಲೂ "ಫಿಸಿಯೋ ತಾನೇ?" ಅಂತಾರೆ; ನಾವೂ ಹಾಗೇ ಅಂದು ಸುಮಾರು ದಿನ ಕಳೆದೆವು.

ನಿಮ್ಮ ಮನೇಲಿ ಸ್ಟ್ರೋಕ್ ಆದವರು ತಟ್ಟೆಯ ಒಂದೇ ಬದಿ ಬಿಡ್ತಿದ್ದರೆ, ಒಮ್ಮೆ ತಟ್ಟೆ ತಿರುಗಿಸಿ ನೋಡಿ. ನೋಡಿದ್ದನ್ನ ಡಾಕ್ಟರಿಗೆ ಹೇಳಿ, ಒ.ಟಿ. ಬೇಕು ಅಂತ ಹೆಸರು ಹಿಡಿದೇ ಕೇಳಿ.