ಕೆರೆ ಹಕ್ಕಿಯನ್ನು ನೋಡಿ ಬರೆಯುವುದು ಹೇಗೆ?



2 ಅಂಕಿ ಬರೆದು, ಅದಕ್ಕೊಂದು ಕಣ್ಣು, ಕೊಕ್ಕು ಇಟ್ಟು, ಕೆಳಗೆ ಹೊಟ್ಟೆ ಎಳೆದರೆ ಬಾತುಕೋಳಿ ಆಗುತ್ತೆ. ಇದು ಒಂದನೇ ಕ್ಲಾಸಿನವರಿಗೂ ಬರುತ್ತೆ. ಎರಡು ಬೆಟ್ಟ, ನಡುವೆ ಸೂರ್ಯ, ಮೇಲೆ ನಾಲ್ಕು ಸೊಟ್ಟ ಗೆರೆ ಎಳೆದರೆ ಅವು ನಾಲ್ಕು ಹಕ್ಕಿ. ಆದರೆ ಯಾವ ಹಕ್ಕಿ ಅಂತ ಕೇಳಿದರೆ? ಕಾಗೆಯೋ ಬೆಳ್ಳಕ್ಕಿಯೋ ಯಾರಿಗೂ ಗೊತ್ತಾಗಲ್ಲ. ನೋಡಿ ಬರೆದ ಚಿತ್ರ ಹಂಗಲ್ಲ. ಕೆಳಗೆ ಹೆಸರು ಬರೆಯದಿದ್ದರೂ ಅದು ಇಂಥದೇ ಹಕ್ಕಿ ಅಂತ ಗೊತ್ತಾಗಬೇಕು.

ಸಮುದ್ರದ ಕಡೆಯವರು ಕಡಲ ಹಕ್ಕಿ, ಏಡಿ, ಮೀನು ನೋಡಿಕೊಂಡು ಚಿತ್ರ ಬರೆಯಬಹುದು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿಗೆ ಸಮುದ್ರ ಎಲ್ಲಿಂದ ಬರಬೇಕು, ಮಳೆಯೇ ಸರಿಯಾಗಿ ಬರಲ್ಲ! ಆದರೂ ರಾಣಿಕೆರೆ, ರಂಗಯ್ಯನದುರ್ಗದ ಡ್ಯಾಂ ಇಂಥ ಕಡೆ ನೀರು ನಿಂತ ವರ್ಷ ಅಂಚಿನ ಕೆಸರಿನಲ್ಲಿ ಕುಳಿತು ನೋಡಿ. ಚಳಿಗಾಲದಲ್ಲಿ ಉತ್ತರದ ತಣ್ಣನೆ ದೇಶಗಳಿಂದ ಗೊರವ ಜಾತಿಯ ಹಕ್ಕಿಗಳು ಬರುತ್ತವೆ. ಕಾರವಾರ, ಮಲ್ಪೆಯ ದಂಡೆಯಲ್ಲಿ ಓಡಾಡುವ ಜಾತಿಗಳಲ್ಲಿ ಕೆಲವು ಕೆರೆ ಅಂಚಿಗೂ ಬರುತ್ತವೆ. ಅದಕ್ಕೇ ಕೆರೆಯನ್ನೇ ನಮ್ಮ ಸಮುದ್ರ ಅಂದುಕೊಂಡರಾಯಿತು.

ಬೇಕಾದ ಸಾಮಾನು ಒಂದು ಪೆನ್ಸಿಲ್, ಒಂದು ಕಡೆ ಬರೆದು ಮುಗಿದ ಹಾಳೆ, ಕೆಳಗೆ ಇಟ್ಟುಕೊಳ್ಳಲು ಒಂದು ರಟ್ಟು. ರಬ್ಬರ್ ಬೇಡ. ಅಳಿಸುತ್ತಾ ಕೂತರೆ ಅಷ್ಟೊತ್ತಿಗೆ ಹಕ್ಕಿ ಹಾರಿಹೋಗಿರುತ್ತೆ. ಬೆಳಿಗ್ಗೆ ಹೋಗಿ, ಬಿಸಿಲು ಬೆನ್ನ ಹಿಂದೆ ಇರುವ ಹಾಗೆ ಕುಳಿತುಕೊಳ್ಳಿ. ಮೊದಲು ಸ್ವಲ್ಪ ಹೊತ್ತು ಏನೂ ಬರೆಯದೆ ನೋಡಬೇಕು.

ಆಮೇಲೆ ಮೈಗೆ ಒಂದು ಮೊಟ್ಟೆ ಆಕಾರ. ಅದು ಅಡ್ಡ ಮಲಗಿದೆಯೋ, ಓರೆಯಾಗಿ ನಿಂತಿದೆಯೋ ನೋಡಿ. ನಂತರ ತಲೆ. ಕೊಕ್ಕು ತಲೆಗಿಂತ ಉದ್ದವೋ ಗಿಡ್ಡವೋ? ಪೆನ್ಸಿಲನ್ನು ಕಣ್ಣಿನ ಮುಂದೆ ಹಿಡಿದು ಹೆಬ್ಬೆರಳಿನಿಂದ ಅಳೆಯಬಹುದು. ಗೊರವದಲ್ಲಿ ಒಂದು ಸಣ್ಣ ಜಾತಿ ಇದೆ, ಒಂದು ನಿಮಿಷ ಸುಮ್ಮನೆ ನಿಲ್ಲಲ್ಲ, ಹಿಂಭಾಗ ಕುಣಿಸುತ್ತಲೇ ಇರುತ್ತೆ. ಇಂಥದನ್ನು ಒಂದೇ ಚಿತ್ರ ಮಾಡಲು ಹೋಗಬಾರದು. ಒಂದೇ ಹಾಳೆಯಲ್ಲಿ ಐದಾರು ಶುರು ಮಾಡಿ. ಹಕ್ಕಿ ಭಂಗಿ ಬದಲಿಸಿದರೆ ಅದನ್ನು ಅರ್ಧಕ್ಕೇ ಬಿಟ್ಟು ಇನ್ನೊಂದಕ್ಕೆ ಹೋಗಿ. ಸ್ವಲ್ಪ ಹೊತ್ತಿಗೆ ಮತ್ತೆ ಮೊದಲಿನ ಹಾಗೇ ನಿಲ್ಲುತ್ತೆ, ಆಗ ಉಳಿದದ್ದನ್ನು ತುಂಬಬಹುದು.

ಕಾಲು ಬಹಳ ಮುಖ್ಯ. ಮೆಟ್ಟುಗಾಲು ಹಕ್ಕಿ ಅಂತ ಇದೆ, ಕಪ್ಪು ರೆಕ್ಕೆ, ಬಿಳಿ ಹೊಟ್ಟೆ, ಗುಲಾಬಿ ಬಣ್ಣದ ಉದ್ದುದ್ದ ಕಾಲು. ಅದರ ಮೊಣಕಾಲು ಹಿಂದಕ್ಕೆ ಮಡಚಿದ ಹಾಗೆ ಕಾಣುತ್ತೆ. ಆದರೆ ಅದು ಮೊಣಕಾಲೇ ಅಲ್ಲ, ನಮ್ಮ ಹಿಮ್ಮಡಿ ಹತ್ತಿರದ ಕೀಲು ಇದ್ದ ಹಾಗೆ. ನಿಜವಾದ ಮೊಣಕಾಲು ಹೊಟ್ಟೆಯ ಪುಕ್ಕದೊಳಗೆ ಅಡಗಿರುತ್ತೆ. ಇದು ಗೊತ್ತಿದ್ದರೆ ಕಾಲು ಕಡ್ಡಿ ಚುಚ್ಚಿದ ಹಾಗೆ ಆಗಲ್ಲ. ಹಾರುವಾಗ ಬೆಳ್ಳಕ್ಕಿ ಕತ್ತನ್ನು ಮಡಚಿಕೊಳ್ಳುತ್ತೆ, ಬಣ್ಣದ ಕೊಕ್ಕರೆ ನೆಟ್ಟಗೆ ಚಾಚುತ್ತೆ. ಬೆಳ್ಳಕ್ಕಿಗೆ ಬಿಳಿ ಬಣ್ಣ ಹಚ್ಚುವುದು ಬೇಡ, ಹಾಳೆಯನ್ನು ಹಂಗೇ ಬಿಟ್ಟು ಹಿಂದಿನ ನೀರಿಗೆ ಬಣ್ಣ ಹಚ್ಚಿ.

ಹಕ್ಕಿ ಸಿಗದಿದ್ದರೆ ಏಡಿ ಇದೆ. ಗದ್ದೆ ಬದುವಿನ ಏಡಿಯನ್ನು ಸ್ವಲ್ಪ ನೀರಿನ ಜೊತೆ ಬಕೆಟ್ಟಿಗೆ ಹಾಕಿ, ಬರೆದ ಮೇಲೆ ಬಿಟ್ಟುಬಿಡಿ. ಇಕ್ಕಳದಂಥ ಎರಡನ್ನೂ ಸೇರಿಸಿ ಹತ್ತು ಕಾಲು ಇರಬೇಕು, ಎಣಿಸಿ. ಸಮುದ್ರದ ಏಡಿಗಳಿಗೂ ಹತ್ತೇ. ಆದರೆ ಈಜುವ ಏಡಿಗೆ ಕೊನೆಯ ಜೊತೆ ಕಾಲು ಹುಟ್ಟಿನ ಹಾಗೆ ಚಪ್ಪಟೆ. ಕೆಲಸ ಬೇರೆ, ಅದಕ್ಕೇ ಆಕಾರ ಬೇರೆ.

ಹಾಗಾದರೆ ಮೊಳಕಾಲ್ಮೂರು ರೇಷ್ಮೆ ಸೀರೆಯ ಹಕ್ಕಿ ತಪ್ಪಾ ಅಂತ ಕೇಳಬಹುದು. ತಪ್ಪಲ್ಲ. ಜಕಾರ್ಡ್ ಮಗ್ಗಕ್ಕೆ ಚಿತ್ರವನ್ನು ಚೌಕಳಿ ಹಾಳೆ ಮೇಲೆ ಬರೆಯುತ್ತಾರೆ, ಒಂದೊಂದು ಚೌಕವೂ ನೂಲಿನ ಲೆಕ್ಕ. ಡೊಂಕು ಗೆರೆ ಅಲ್ಲಿ ಮೆಟ್ಟಿಲಾಗುತ್ತೆ. ಅದು ಮಗ್ಗದ ಹಕ್ಕಿ, ಅದರ ಚೆಂದವೇ ಬೇರೆ.

ನೋಡಿ ಬರೆದ ಚಿತ್ರ ಸಾಕ್ಷಿಯೂ ಆಗುತ್ತೆ. ಜಹಾಂಗೀರ್ ಬಾದಶಹನ ಆಸ್ಥಾನದಲ್ಲಿ ಮನ್ಸೂರ್ ಎಂಬ ಚಿತ್ರಕಾರ ಪ್ರಾಣಿ ಪಕ್ಷಿಗಳನ್ನು ನೋಡಿ ಬರೆಯುತ್ತಿದ್ದ. ಅವನದು ಎನ್ನುವ ಒಂದು ಚಿತ್ರದಲ್ಲಿ ಮಾರಿಷಸ್ ದ್ವೀಪದ ಡೋಡೋ ಹಕ್ಕಿ ಇದೆ. ಅದೇ ಶತಮಾನದಲ್ಲಿ ಡೋಡೋ ನಾಶವಾಯಿತು. ಅದರ ಬಣ್ಣ ಹೇಗಿತ್ತು ಅಂತ ತಿಳಿಯಲು ವಿಜ್ಞಾನಿಗಳು ಈಗ ಆ ಚಿತ್ರ ನೋಡುತ್ತಾರೆ.

ನಮ್ಮ ಕಡೆಯೂ ಹಂಗೇ ಒಂದು ಹಕ್ಕಿ ಇತ್ತು, ಎರ್ಲಡ್ಡು. ಎರೆಭೂತ ಅಂತಲೂ ಕರೆಯುತ್ತಾರೆ. ಸುಮಾರು ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೆ ತೂಗುತ್ತೆ. ಚಳ್ಳಕೆರೆಯ ಅಮೃತಮಹಲ್ ಕಾವಲಿನಂಥ ಹುಲ್ಲುಗಾವಲೇ ಅದರ ಮನೆ. ಹುಲ್ಲು ಹೋದ ಕಡೆ ಅದೂ ಹೋಯಿತು. ನೇರ ಮುಂದೆ ಇರುವುದು ಅದಕ್ಕೆ ಸರಿಯಾಗಿ ಕಾಣಲ್ಲ, ಮೈ ಬೇರೆ ಭಾರ, ಕರೆಂಟ್ ತಂತಿಗೆ ಬಡಿದು ಸಾಯುತ್ತೆ. ಕರ್ನಾಟಕದಲ್ಲಿ ಈಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ನಾವು ಎರ್ಲಡ್ಡು ಬರೆಯಬೇಕಾದರೆ ಪುಸ್ತಕ ನೋಡಿಯೇ ಬರೆಯಬೇಕು.

ಅದಕ್ಕೇ ನಿಮ್ಮ ಚಿತ್ರದ ಮೂಲೆಯಲ್ಲಿ ತಾರೀಖು, ಕೆರೆಯ ಹೆಸರು, ಎಷ್ಟು ಹಕ್ಕಿ ಇದ್ದವು ಎಂಬುದನ್ನು ಬರೆದಿಡಿ. ಗೊರವಗಳು ಯುಗಾದಿ ಕಳೆದು ಬಿಸಿಲು ಜೋರಾಗುವ ಹೊತ್ತಿಗೆ ವಾಪಸ್ ಹೊರಡುತ್ತವೆ. ಹೋಗುವುದಾದರೆ ಅದಕ್ಕೆ ಮುಂಚೆ ಹೋಗಿ.