ಅಕ್ಕಸಾಲಿಗನ ಅಗ್ಗಿಷ್ಟಿಕೆಯೂ ಗಣಕಯಂತ್ರದ ಪರದೆಯೂ

ಚಾರ್ಮಾಡಿಯ ದಾರಿಯಲ್ಲಿರುವ ಮುಂಡಾಜೆಯ ಕಡೆಯಿಂದ ಅಕ್ಕಸಾಲಿಗರೊಬ್ಬರು ತಮ್ಮ ಮಗಳ ವಿಷಯವಾಗಿ ಮಾತನಾಡಲು ಒಮ್ಮೆ ನಮ್ಮಲ್ಲಿಗೆ ಬಂದಿದ್ದರು. “ಹುಡುಗಿಯು ಯಾವಾಗಲೂ ಬಳೆ ಓಲೆಗಳ ಚಿತ್ರವನ್ನೇ ಬರೆಯುತ್ತಿರುವಳು, ಇದರಿಂದ ಹೊಟ್ಟೆ ತುಂಬುವುದೇ?” ಎಂಬುದು ಅವರ ಪ್ರಶ್ನೆ. ಇದೇ ಪ್ರಶ್ನೆಯು ಇನ್ನೂ ಅನೇಕ ಮಾತಾಪಿತೃಗಳ ಮನಸ್ಸಿನಲ್ಲಿರುವುದಾದ್ದರಿಂದ, ಆ ದಿವಸ ನಾವು ಹೇಳಿದುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ತಿಳಿಸಲಿಚ್ಛಿಸುವೆವು.

ಹಿಂದೆ ಈ ವಿದ್ಯೆಯು ತಂದೆಯಿಂದ ಮಗನಿಗೆ ಬರುತ್ತಿತ್ತು. ಊದುಕೊಳವೆಯಿಂದ ಉರಿಯನ್ನು ಹದಗೊಳಿಸುವುದು, ಮೂಸೆಯಲ್ಲಿ ಚಿನ್ನವನ್ನು ಕರಗಿಸುವುದು, ಕಂಬಚ್ಚಿನಿಂದ ತಂತಿಯನ್ನೆಳೆಯುವುದು, ಬಿಳಿಗಾರವನ್ನಿಟ್ಟು ಬೆಸೆಯುವುದು, ಒರೆಗಲ್ಲಿನ ಮೇಲೆ ಬಣ್ಣವನ್ನು ಪರೀಕ್ಷಿಸುವುದು, ಇವೆಲ್ಲವನ್ನೂ ಹುಡುಗನು ವರುಷಗಟ್ಟಲೆ ನೋಡಿ ಕಲಿಯುತ್ತಿದ್ದನು. ಚಕ್ರಸರದ ನಕ್ಷೆಯಾಗಲಿ ಅಡ್ಡಿಗೆಯ ನಕ್ಷೆಯಾಗಲಿ ಕಾಗದದ ಮೇಲಿರುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿಯೂ ನೆನಪಿನಲ್ಲಿಯೂ ಇರುತ್ತಿತ್ತು. ಹೆಣ್ಣುಮಕ್ಕಳು ಅದೇ ಮನೆಯಲ್ಲಿ ಬೆಳೆದರೂ ಸಾಮಾನ್ಯವಾಗಿ ಅಗ್ಗಿಷ್ಟಿಕೆಯ ಮುಂದೆ ಕುಳಿತುಕೊಳ್ಳುತ್ತಿರಲಿಲ್ಲ.

ಈ ಕಸುಬಿಗೆ ಕಷ್ಟಕಾಲವು ಗಣಕಯಂತ್ರಕ್ಕಿಂತ ಮುಂಚೆಯೇ ಬಂತು. 1963ನೆಯ ಜನವರಿಯಲ್ಲಿ ಜಾರಿಗೆ ಬಂದ ಚಿನ್ನದ ನಿಯಂತ್ರಣ ನಿಯಮಗಳು, 14 ಕ್ಯಾರಟ್ಟಿಗಿಂತ ಹೆಚ್ಚು ಶುದ್ಧವಾದ ಹೊಸ ಆಭರಣಗಳನ್ನು ಮಾಡಕೂಡದೆಂದು ವಿಧಿಸಿದವು. 22 ಕ್ಯಾರಟ್ಟಿನ ಕೆಲಸದಲ್ಲಿಯೇ ಪಳಗಿದ ಅಕ್ಕಸಾಲಿಗರು ಅನೇಕರು ದೇಶದ ಎಲ್ಲೆಡೆಯೂ ಕೆಲಸವಿಲ್ಲದವರಾದರು. ಆ ಕಟ್ಟು 1966ರಲ್ಲಿ ಸಡಿಲವಾದರೂ, 1968ರ ನಿಯಂತ್ರಣದ ಕಾಯಿದೆಯು 1990ರ ವರೆಗೂ ಇತ್ತು. ಅಷ್ಟರಲ್ಲಿ ಎಷ್ಟೋ ಮನೆಗಳ ಗಂಡುಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದಿದ್ದರು.

ಈಗ ನಕ್ಷೆಗಾರರು ಗಣಕಯಂತ್ರದ ಪರದೆಯ ಮೇಲೆ ಉಂಗುರವನ್ನು ಉದ್ದ, ಅಗಲ, ದಪ್ಪವೆಂಬ ಮೂರು ಅಳತೆಗಳಿಂದಲೂ ಬರೆದು, ತಿರುಗಿಸಿ, ಎಲ್ಲಾ ಮಗ್ಗುಲುಗಳಿಂದ ನೋಡುವರು. ಬಳಿಕ ಇನ್ನೊಂದು ಯಂತ್ರವು ಆ ನಕ್ಷೆಯ ಪ್ರಕಾರ ಮೇಣದ ಅಥವಾ ರಾಳದ ಪಡಿಯಚ್ಚನ್ನು ಪದರದ ಮೇಲೆ ಪದರವಾಗಿ ಕಟ್ಟುವುದು. ಹೀಗೆ ಕಟ್ಟುವ ಒಂದು ವಿಧಾನಕ್ಕೆ ಅಮೇರಿಕದ ಚಕ್ ಹಲ್ ಎಂಬವರು 1986ರಲ್ಲಿ ಹಕ್ಕುಪತ್ರವನ್ನು ಪಡೆದರು. ಆ ಅಚ್ಚಿನ ಸುತ್ತಲೂ ಜಿಪ್ಸಮ್ಮಿನ ಗಾರೆಯನ್ನು ಹೊಯ್ದು, ಅದು ಗಟ್ಟಿಯಾದ ಮೇಲೆ ಕುಲುಮೆಯಲ್ಲಿ ಕಾಯಿಸಿದರೆ, ಮೇಣವು ಕರಗಿ ಉರಿದುಹೋಗಿ ಪೊಳ್ಳು ಉಳಿಯುವುದು. ಅದರೊಳಗೆ ಕರಗಿದ ಚಿನ್ನವನ್ನು ತುಂಬುವರು.

ಇದು ಪೂರ್ತಿಯಾಗಿ ಹೊಸ ವಿದ್ಯೆಯೆಂದು ತಿಳಿಯಬಾರದು. ಮೇಣದ ಅಚ್ಚಿನಿಂದ ಲೋಹದ ವಿಗ್ರಹವನ್ನು ಎರೆಯುವ ಕ್ರಮವನ್ನು ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿಯೇ ತನ್ನ ‘ಮಾನಸೋಲ್ಲಾಸ’ದಲ್ಲಿ ವಿವರಿಸಿರುವನು. ಮೇಣದ ತೂಕದಿಂದ ಲೋಹದ ತೂಕವನ್ನು ಗೊತ್ತುಮಾಡುವ ಲೆಕ್ಕವೂ ಅದರಲ್ಲುಂಟು. ನಮ್ಮ ಹುಡುಗಿಯರು ಶಾಲೆಯಲ್ಲಿ ಮಾಡುವ ಸಾಂದ್ರತೆಯ ಲೆಕ್ಕವೂ ಅದೇ. 22 ಕ್ಯಾರಟ್ಟಿನ ಚಿನ್ನವು ಅಷ್ಟೇ ಗಾತ್ರದ ಮೇಣಕ್ಕಿಂತ ಸುಮಾರು 18 ಪಾಲು ಭಾರವಾಗಿರುವುದರಿಂದ, ಒಂದು ಪವನು, ಅಂದರೆ 8 ಗ್ರಾಮು, ತೂಗುವ ಉಂಗುರದ ಮೇಣದಚ್ಚು ಅರ್ಧ ಗ್ರಾಮಿಗಿಂತಲೂ ಹಗುರವಾಗಿರುವುದು.

ಹಾಗಾದರೆ ಪರದೆಯೊಂದೇ ಸಾಕೋ? ಸಾಲದು. ಪರದೆಯ ಮೇಲೆ ಉಂಗುರವು ಊಟದ ತಟ್ಟೆಯಷ್ಟು ದೊಡ್ಡದಾಗಿ ಕಾಣುವುದು. ಕೂದಲೆಳೆಯಂಥ ಗೆರೆಯನ್ನೂ ಅಲ್ಲಿ ಬರೆಯಬಹುದು. ಆದರೆ ಅಷ್ಟು ಇಕ್ಕಟ್ಟಾದ ಪೊಳ್ಳಿನೊಳಗೆ ಚಿನ್ನವು ಹರಿಯದೆ ಆಭರಣವು ಅರೆಯಾಗಿ ನಿಲ್ಲಬಹುದು. ಚಿತ್ರದಲ್ಲಿ ಅಂದವಾದ ಓಲೆಯು ಭಾರದಿಂದ ಕಿವಿಯನ್ನು ಜಗ್ಗಬಹುದು. ತಣಿಯುವಾಗ ಲೋಹವು ಕುಗ್ಗುವುದು. ಹರಳನ್ನು ಹಿಡಿಯುವ ಮುಳ್ಳು ತೆಳುವಾದರೆ ಹರಳು ಬೀಳುವುದು. ಕೊನೆಯಲ್ಲಿ ಅರದಿಂದ ಉಜ್ಜಿ ಹೊಳಪು ಕೊಡುವಾಗ ಇನ್ನಷ್ಟು ಸವೆಯುವುದು. ಇವನ್ನೆಲ್ಲಾ ಬಲ್ಲದ್ದು ಚಿನ್ನವನ್ನು ಮುಟ್ಟಿ ಪಳಗಿದ ಕೈಯೇ ಹೊರತು ಪರದೆಯಲ್ಲ.

ಆದುದರಿಂದ ನಾವು ಆ ತಂದೆಗೆ ಹೇಳಿದ್ದಿಷ್ಟೇ: “ತಮ್ಮ ಮಗಳು ಚಿತ್ರವನ್ನೂ ಗಣಿತವನ್ನೂ ಶಾಲೆಯಲ್ಲಿ ಕಲಿಯಲಿ, ಗಣಕಯಂತ್ರವನ್ನು ಮುಂದೆ ಕಲಿಯುವಳು. ಆದರೆ ಚಿಮಟವನ್ನು ಹಿಡಿಯುವುದನ್ನು ತಾವೇ ಕಲಿಸಬೇಕು.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಗಂಡುಮಕ್ಕಳಿಗೆ ಅದು ಬೇಡವಾಯಿತು, ಹೆಣ್ಣುಮಗಳು ಕೇಳಿಯಾಳೆಂದು ನಾನು ಎಣಿಸಿರಲಿಲ್ಲ” ಎಂದರು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಬಿನ್ನಹವುಂಟು. ಅಜ್ಜಿಯ ಬುಗುಡಿಯನ್ನಾಗಲಿ ಅವಲಕ್ಕಿ ಸರವನ್ನಾಗಲಿ ಕರಗಿಸಲು ಕೊಡುವುದಕ್ಕೆ ಮುಂಚೆ, ಅದರ ಅಳತೆ ತೂಕಗಳನ್ನು ಗುರುತಿಸಿ, ಮಗಳ ಕೈಯಿಂದ ಒಂದು ಚಿತ್ರವನ್ನು ಬರೆಯಿಸಿಡಿರಿ. ಕರಗಿದ ಚಿನ್ನವು ಪುನಃ ದೊರೆಯುವುದು. ಕರಗಿದ ನಕ್ಷೆಯು ದೊರೆಯದು.